ಮೀಟರ್ ಬೋರ್ಡಿನ ಹಳದಿ ಚೀಟಿ

ಸಾಸವಡದಲ್ಲಿ ಮಗಳ ಮನೆಯ ಅಂಗಳದಲ್ಲಿ ಕೂತು ಅಂಜೂರ ಆರಿಸುತ್ತಿರುವ ಮುದುಕನಿಗೆ ನಿನ್ನೆ ಮತ್ತೆ ಐದು ಸ್ಟಾರ್ ಬಂತು. ವಾಯರಿಂಗ್ ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ಫೋನಿನ ನಕ್ಷೆಯಲ್ಲಿ ಅವರ ಹೆಸರಿನ ಕೆಳಗೆ ‘ಕಾಯಂ ಬಂದ್’ ಎಂದು ಕೆಂಪು ಅಕ್ಷರದಲ್ಲಿ ಬರೆದಿದೆ. ಆದರೂ ಶನಿವಾರ ಪೇಠೆಯ ಒಬ್ಬ ಹೆಂಗಸು ಬರೆದಿದ್ದಾಳೆ: ‘ಎರಡು ಮಳೆಗಾಲ ಕಳೆದವು. ಕಾಕಾ ಎಳೆದುಕೊಟ್ಟ ಲೈನು ಒಂದು ದಿನವೂ ಕೈಕೊಟ್ಟಿಲ್ಲ.’ ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಏಣಿ ಹೊತ್ತು ಹೊರಡುತ್ತೇನೆ. ನನಗೆ ನಿನ್ನೆ ಏನೂ ಬರಲಿಲ್ಲ.

ಮುದುಕ ಎಂದು ಬರೆದೆ. ಎದುರಿಗೆ ಎಂದೂ ಹಾಗೆ ಅಂದಿಲ್ಲ. ಎದುರಿಗೆ ಕಾಕಾ, ಬರ್ರಿ, ಕೂಡ್ರಿ. ಹಿಂದೆ ಏನು ಅನ್ನುತ್ತಿದ್ದೆ ಎನ್ನುವುದು ಬೇಡ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಪುಣೆಯ ರವಿವಾರ ಪೇಠೆಯಲ್ಲಿ ಇಲೆಕ್ಟ್ರಿಕ್ ಸಾಮಾನಿನ ಒಂದು ಅಂಗಡಿ ಇದೆ. ಅದರ ಮುಂದಿನ ಕಟ್ಟೆಯ ಮೇಲೆ ವಾಯರಮನ್‌ಗಳು ಬಂದು ಕೂರುತ್ತಾರೆ. ಗಿರಾಕಿ ಬಂದು ‘ಮನೆಗೆ ಬರುವವರು ಯಾರಾದರೂ ಇದ್ದಾರಾ’ ಎಂದು ಕೇಳಿದರೆ ಮೊದಲು ಬಂದು ಕೂತವನು ಮೊದಲು ಏಳಬೇಕು. ಅದು ಸರದಿ. ಜಾಣ, ದಡ್ಡ, ಮುದುಕ, ಹುಡುಗ ಎಂದು ಇಲ್ಲ. ನಾನು ಹದಿನೈದಕ್ಕೆ ಆ ಕಟ್ಟೆ ಹತ್ತಿದೆ. ಕಾಕಾ ಐವತ್ತು ದಾಟಿದ ಮೇಲೆ ಬಂದರು. ಅಂದರೆ ಕಟ್ಟೆಯ ಮೇಲೆ ನಾನೇ ಹಿರಿಯ.

ಅವರು ಹಡಪಸರದ ಕಡೆ ಒಂದು ಕಾರ್ಖಾನೆಯಲ್ಲಿ ಮೋಟರ್‌ಗಳನ್ನು ನೋಡಿಕೊಳ್ಳುತ್ತಿದ್ದರು. ಕಾರ್ಖಾನೆ ಮುಚ್ಚಿತು. ಮೊದಲ ದಿನ ಕಟ್ಟೆಯ ತುದಿಯಲ್ಲಿ ಕೂತು, ಕಿಸೆಯಿಂದ ಬಡೇಸೋಪಿನ ಡಬ್ಬಿ ತೆಗೆದು ಎಲ್ಲರ ಮುಂದೆ ಹಿಡಿದರು. ನನ್ನ ಮುಂದೆ ಬಂದಾಗ ನನ್ನ ಮಾತಿನಲ್ಲಿ ನಮ್ಮ ಕಡೆಯ ವಾಸನೆ ಹಿಡಿದರು.

"ಯಾವೂರ್ ತಮ್ಮಾ ನಿಮ್ದು? ವಿಜಾಪುರ ಕಡೆ ಏನು?"

"ಅಪ್ಪಂದು ಆ ಕಡೆ ರೀ. ನಂದು ಇದೇ ಪೇಠೆ."

"ಹಂಗಾರ ನೀ ನನಗ ಪೇಠೆ ಕಲಸು. ನನಗ ಮೋಟರ್ ಗೊತ್ತದ, ಈ ವಾಡೆ ಗೊತ್ತಿಲ್ಲ."

ಕಲಿಸಿದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. ಒಂದೇ ಅಂಗಳಕ್ಕೆ ಹಲವು ಮನೆಗಳಿರುವ ಹಳೆಯ ವಾಡೆಗಳಲ್ಲಿ ತಂತಿ ಗೋಡೆಯ ಒಳಗೆ ಇರುವುದಿಲ್ಲ. ಮರದ ಪಟ್ಟಿಯ ಒಳಗೆ ಇರುತ್ತದೆ. ಆ ಪಟ್ಟಿಯನ್ನು ಜೋರು ಮಾಡಿ ಬಿಚ್ಚಿದರೆ ಸೀಳುತ್ತದೆ, ಹಿಂದಿನ ಮಣ್ಣಿನ ಗೋಡೆ ಬುಟ್ಟಿಗಟ್ಟಲೆ ಉದುರುತ್ತದೆ. ಮೊಳೆಯ ಬದಿಗೆ ತುಸು ಎಣ್ಣೆ ಬಿಟ್ಟು, ಕೆಳಗಿನಿಂದ ಮೇಲಕ್ಕೆ ನಿಧಾನ ಎತ್ತಬೇಕು. ಕಾಕಾನ ಕೈ ಹಿಡಿದು ತೋರಿಸಿದವನು ನಾನು. ಎರಡನೇ ಸಲಕ್ಕೇ ನನಗಿಂತ ನೀಟಾಗಿ ಎತ್ತಿದರು. ಆಗಲೇ ನನಗೆ ಸರಿ ಬರಲಿಲ್ಲ.

ಅವರ ಕನ್ನಡಕದ ಒಂದು ಕಡ್ಡಿಗೆ ಕರಿ ಇನ್ಸುಲೇಷನ್ ಟೇಪು ಸುತ್ತಿತ್ತು. ಫೋನು ಕೊರಳಿಗೆ ದಾರ ಕಟ್ಟಿದ ಚೀಲದಲ್ಲಿ. ಟೈಪ್ ಮಾಡಲು ಬರುತ್ತಿರಲಿಲ್ಲ. ಬೋಳ ಎನ್ನುವ ಇಕ್ಕಟ್ಟಿನ ಸಂದಿಯ ನಡುವೆ ನಿಂತು ಫೋನನ್ನು ತುಟಿಗೆ ಹಿಡಿದು ಮರಾಠಿಯಲ್ಲಿ ಒದರುತ್ತಿದ್ದರು, ಅದು ತಾನೇ ಬರೆದುಕೊಳ್ಳುತ್ತಿತ್ತು. ‘ತಾಯಿ, ನಿಮ್ಮ ಮನೆಯ ಫ್ಯಾನು ಈಗ ಸದ್ದು ಮಾಡುತ್ತಿಲ್ಲ ಎಂದು ಕೇಳಿ ಸಂತೋಷವಾಯಿತು.’ ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ನಾವು ಕಟ್ಟೆಯ ಮೇಲೆ ಕೂತು ನಗುತ್ತಿದ್ದೆವು.

ನಕ್ಕದ್ದು ಆರು ತಿಂಗಳು. ಆಮೇಲೆ ಅವರು ಕಟ್ಟೆಗೆ ಬರುವುದೇ ಕಡಿಮೆಯಾಯಿತು. ಕಟ್ಟೆಗೆ ಸರದಿ ಇತ್ತು. ಫೋನಿಗೆ ಯಾರ ಸರದಿ? ಅದಕ್ಕಿಂತ ಕೆಟ್ಟದ್ದು ಏನೆಂದರೆ, ಗಿರಾಕಿಗಳು ಅಂಗಡಿಗೆ ಬಂದು ಮುಂದೆ ಎದ್ದು ನಿಂತ ನನ್ನನ್ನು ದಾಟಿ ಅಂಗಡಿಯವನನ್ನು ಕೇಳುತ್ತಿದ್ದರು: "ಆ ಹಳೇ ಮನೆಯ ಕಾಕಾ ಇಲ್ಲವಾ?"

ನಕ್ಷೆಯಲ್ಲಿ ಅವರು ಹಾಕಿದ ಹೆಸರೇ ಅದು: ‘ಕಾಕಾ ವಾಯರಮನ್. ಹಳೇ ಮನೆಗಳಿಗೆ ಮಾತ್ರ.’ ಆ ‘ಮಾತ್ರ’ ನೋಡಿ ನಾನು, ಇವರಿಗೆ ತಲೆ ಕೆಟ್ಟಿದೆ, ಬರುವ ಕೆಲಸಕ್ಕೆ ತಾವೇ ಬಾಗಿಲು ಹಾಕಿಕೊಂಡಿದ್ದಾರೆ ಎಂದುಕೊಂಡೆ. ಕೇಳಿಯೂ ಬಿಟ್ಟೆ.

"ಹೊಸ ಬಿಲ್ಡಿಂಗಿನ ಮಂದಿ ಯಾರನ್ನರ ಕರಿತಾರ," ಎಂದರು. "ಹಳೀ ಮನಿ ಮಂದಿ ಅಂಜಿ ಕರಿತಾರ. ಅಂಜಿದವ್ರು ಯಾರಿಗೆ ಬೇಕಾದಾಂವಗ ಬಾಗ್ಲಾ ತಗಿಯಂಗಿಲ್ಲ ತಮ್ಮಾ."

ಕೆಲಸ ಮುಗಿದ ಮೇಲೆ ಅವರು ಸ್ಟಾರ್ ಕೇಳುತ್ತಿರಲಿಲ್ಲ. "ನಿಮ್ಮ ಮನೆಗೆ ಎಷ್ಟು ವಯಸ್ಸು, ಏನು ಕೆಟ್ಟಿತ್ತು, ನಾನು ಏನು ಮಾಡಿದೆ, ಅಷ್ಟು ಬರೆಯಿರಿ ಸಾಕು," ಎನ್ನುತ್ತಿದ್ದರು. ಅದೇ ತರಹದ ಹಳೆಯ ಮನೆ ಇರುವವರು ಫೋನಿನಲ್ಲಿ ಹುಡುಕಿದರೆ ತಮ್ಮದೇ ಕತೆ ಅಲ್ಲಿ ಕಾಣುತ್ತಿತ್ತು. ತಟ್ಟನೆ ಕರೆಯುತ್ತಿದ್ದರು. ಇಷ್ಟು ಸಾದಾ ಯುಕ್ತಿ. ನನಗೆ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಅವರ ಮೇಲೇ ಸಿಟ್ಟು ಬಂತು.

ಇನ್ನು ಅವರ ಫೋಟೋಗಳು. ಕೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು, ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದಂತೆ ಫೋನ್ ಹಿಡಿಯುತ್ತಿದ್ದರು. ಮನೆಯವರು ಹೊಸ ಸ್ವಿಚ್ಚಿನ ಮೇಲೆ ಬೆರಳು ಇಡಬೇಕು, ಆ ಬೆರಳಿನ ಫೋಟೋ. ಅವರ ಪುಟ ತೆರೆದರೆ ಬರೀ ಬೆರಳುಗಳು. ಬಳೆಯ ಕೈ, ನಡುಗುವ ಕೈ, ಮದರಂಗಿ ಹಚ್ಚಿದ ಪುಟ್ಟ ಕೈ.

"ನಿಮ್ಮ ಮುಖಾ ಒಂದೂ ಇಲ್ಲಲ್ರಿ ಕಾಕಾ?" ಎಂದೆ.

"ದೀಪಾ ಹಚ್ಚೋದು ಅವ್ರು. ನನ್ನ ಮೋತಿ ತಗೊಂಡು ಏನ್ ಮಾಡ್ತಾರ?"

ನಾನೂ ಒಂದು ಪುಟ ಮಾಡಿದೆ. ‘ನಂಬರ್ ಒನ್ ಇಲೆಕ್ಟ್ರಿಕಲ್.’ ಕರಿ ಕನ್ನಡಕ ಹಾಕಿಕೊಂಡು, ಗೆಳೆಯನ ಡ್ರಿಲ್ ಮಶೀನ್ ಹಿಡಿದು ಫೋಟೋ ತೆಗೆಸಿದೆ. ಹನ್ನೊಂದು ಜನ ಗೆಳೆಯರಿಗೆ ಚಹಾ ಕುಡಿಸಿ ಐದೈದು ಸ್ಟಾರ್ ಹಾಕಿಸಿದೆ. ಒಬ್ಬ ಅದೇ ಹೊತ್ತಿಗೆ ಯಾವುದೋ ಖಾನಾವಳಿಗೂ ಹಾಕುತ್ತಿದ್ದ. ನನ್ನ ಪುಟದಲ್ಲಿ ‘ಬಿರ್ಯಾನಿ ಮಸ್ತ್ ಇತ್ತು’ ಎಂದು ಬರೆದ. ತೆಗೆ ಎಂದರೆ ಅವನಿಗೆ ತೆಗೆಯಲು ಬರಲಿಲ್ಲ. ಒಂದೂ ಫೋನ್ ಬರಲಿಲ್ಲ.

ಕಾಕಾ ಕೆಲಸ ಮಾಡಿದ ಪ್ರತಿ ವಾಡೆಯ ಮೀಟರ್ ಬೋರ್ಡಿನ ಮೇಲೂ ಒಂದು ಹಳದಿ ಚೀಟಿ ಅಂಟಿಸುತ್ತಿದ್ದರು. ಮೇಲೆ ದಪ್ಪಕ್ಷರದಲ್ಲಿ ಹೆಸರು, ಫೋನ್ ನಂಬರು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ಇರುವೆ ಸಾಲಿನಂತೆ ಏನೋ ಗೀಚಿರುತ್ತಿತ್ತು. ನಾನು ಓದಲಿಲ್ಲ. ಜಾಹೀರಾತು ಎಂದುಕೊಂಡೆ. ಪೇಠೆಯ ಯಾವ ವಾಡೆಗೆ ಹೋದರೂ ಮೊದಲು ಅದು ಕಣ್ಣಿಗೆ ಬೀಳುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು. ಪಟ್ಟಿ ಎತ್ತುವುದನ್ನು ಕಲಿಸಿದವನು ನಾನು, ಚೀಟಿ ಅವರದು.

ಕಿತ್ತೆ. ಉಗುರಿನಿಂದ ಕೆರೆದು ಕಿತ್ತು, ಅದೇ ಜಾಗಕ್ಕೆ ನನ್ನ ಕಾರ್ಡು ಅಂಟಿಸಿದೆ. ಒಂದು ಕಡೆ ಅಲ್ಲ, ಏಳು ವಾಡೆಗಳಲ್ಲಿ. ಏನಾದರೂ ಸಣ್ಣ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಅದು ಫಲಿಸಿತು ಕೂಡ. ಜೂನ್‌ನಲ್ಲಿ ನಾರಾಯಣ ಪೇಠೆಯ ಒಂದು ವಾಡೆಯಿಂದ ಫೋನ್ ಬಂತು. ಮಾಡಿದವರು ಕೆಳಗಿನ ಮನೆಯ ಅಜ್ಜಿ, ಎಲ್ಲರಿಗೂ ಆಜಿ. ಅಡುಗೆಮನೆಯ ದೀಪ ಮಿಣಿಮಿಣಿ ಅನ್ನುತ್ತಿದೆ ಎಂದರು. ಕಾಕಾನ ಗಿರಾಕಿ. ನಾನು ಕಿತ್ತುಕೊಂಡ ಮೊದಲ ಗಿರಾಕಿ. ಅವತ್ತು ಏಣಿ ಹಗುರವಾಗಿತ್ತು.

ಆಜಿಯ ಮೇನ್ ಸ್ವಿಚ್ ಬಂದ್ ಮಾಡಿದೆ. ಟೆಸ್ಟರ್ ಹಚ್ಚಿ ನೋಡಿದೆ, ಅದರ ದೀಪ ಹತ್ತಲಿಲ್ಲ, ಅಂದರೆ ತಂತಿಯಲ್ಲಿ ಕರೆಂಟ್ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿಯ ಒಂದು ಹಳೆಯ ಗಂಟು ಸುಟ್ಟು ಕರ್ರಗಾಗಿತ್ತು. ಅದನ್ನು ಕತ್ತರಿಸಿದೆ. ಮೇಲಿನ ಮನೆಯಲ್ಲಿ ಏನೋ ಫಟ್ ಎಂದು ಒಡೆಯಿತು. ಒಂದು ಕೂಗು ಕೇಳಿತು. ಸುಟ್ಟ ವಾಸನೆ ಮೆಟ್ಟಿಲು ಇಳಿದು ಬಂತು.

ಮೇಲೆ ಒಬ್ಬ ದರ್ಜಿ ಇದ್ದ. ಶಾಲೆ ಶುರುವಾಗುವ ವಾರ. ಸುತ್ತ ಯುನಿಫಾರ್ಮಿನ ರಾಶಿ. ಅವನ ಹೊಲಿಗೆ ಮಶೀನಿನ ಮೋಟರ್ ಹೊಗೆ ಬಿಡುತ್ತಿತ್ತು, ಟ್ಯೂಬ್‌ಲೈಟ್ ಚೂರಾಗಿ ಬಟ್ಟೆಯ ಮೇಲೆ ಬಿದ್ದಿತ್ತು. ಅವನು ನನ್ನ ಕಾಲರ್ ಹಿಡಿದ. ಅವನ ಹೆಂಡತಿ ಯಾರಿಗೋ ಫೋನ್ ಮಾಡಿದಳು. ಅರ್ಧ ಗಂಟೆಗೆ ಕಾಕಾನ ಸ್ಕೂಟರ್ ಬೋಳದಲ್ಲಿ ನಿಂತಿತು.

ಅವರು ಯಾರನ್ನೂ ಏನೂ ಕೇಳಲಿಲ್ಲ. ಮೇಲೆ ಹೋಗಿ ಎಲ್ಲ ಮನೆಗಳ ಸ್ವಿಚ್ ಆರಿಸಿ ಬಂದು, ನಾನು ಕತ್ತರಿಸಿದ ತಂತಿಯನ್ನು ಜೋಡಿಸಿದರು. ಆಮೇಲೆ ಮೀಟರ್ ಬೋರ್ಡಿನ ಮುಂದೆ ನಿಂತರು.

"ಆಜಿ, ಇಲ್ಲಿ ನನ್ನ ಚೀಟಿ ಇತ್ತಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

"ಇತ್ತಪ್ಪಾ. ಎಲ್ಲಿ ಹೋಯಿತೋ," ಎಂದರು ಆಜಿ.

ಕಾಕಾ ನನ್ನ ಕಾರ್ಡಿನ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು. ಕೆಳಗೆ ಹಳದಿ ಕಾಗದದ ಒಂದು ಚೂರು ಉಳಿದಿತ್ತು. ನೋಡಿದರು. ಕಾರ್ಡನ್ನು ಮತ್ತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು. ನನ್ನ ಕಡೆ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ನಾನೇ ಕೇಳಿದೆ. "ಆ ಚೀಟ್ಯಾಗ ಏನ್ ಬರದಿದ್ರಿ ಕಾಕಾ?"

"ಈ ವಾಡೇದಾಗ ಅಣ್ಣತಮ್ಮಂದಿರು ಬ್ಯಾರೆ ಆಗ್ಯಾರ, ಮೀಟರ್ ಬ್ಯಾರೆ ಆಗ್ಯಾವ. ನ್ಯೂಟ್ರಲ್ ಮಾತ್ರ ಇನ್ನೂ ಒಂದ ಅದ. ಮ್ಯಾಲಿನ ಎರಡೂ ಮನೀದು ಆಜಿ ಅಡಗಿಮನ್ಯಾಗಿಂದ ಬರ್ತದ. ಅದನ್ನ ಕಡದ್ರ ಮ್ಯಾಲ ಕರೆಂಟ್ ದುಪ್ಪಟ್ಟು ಹೋಗಿ ಎಲ್ಲಾ ಸುಡ್ತದ. ‘ಮೇಲಿನವರಿಗೆ ಹೇಳದ ಬಿಚ್ಚಬ್ಯಾಡ’ ಅಂತ ಬರದಿದ್ದೆ. ಹೊಸಾ ತಂತಿ ಎಳೀತೀನಂದ್ರ, ಅದು ಯಾರ ಗ್ವಾಡಿ ಮ್ಯಾಲ ಹಾಯಬೇಕಂತ ಅವ್ರು ಇನ್ನೂ ಜಗಳಾಡ್ಲಿಕ್ಕತ್ಯಾರ."

"ನೀವು ಎಲ್ಲಾ ಚೀಟ್ಯಾಗೂ ಹಿಂಗ ಬರೀತೀರೇನು?"

"ಮತ್ತ? ಬರೇ ನಂಬರ್ ಅಂಟಸಾಕ ನಾ ಏನ್ ಇಲೆಕ್ಷನ್ನಿಗೆ ನಿಂತೀನಿ?"

ಅವತ್ತು ಮಧ್ಯಾಹ್ನವೇ ಉಳಿದ ಆರು ವಾಡೆಗಳಿಗೆ ಓಡಿದೆ. ಕಿತ್ತ ಚೀಟಿಗಳು ನನ್ನ ಹತ್ತಿರ ಇರಲಿಲ್ಲ, ಗಟಾರಿಗೆ ಎಸೆದಿದ್ದೆ. ಒಂದೊಂದು ತಂತಿಯನ್ನೂ ಹಿಂಬಾಲಿಸಿ, ಎಲ್ಲಿ ಏನು ಕೂಡಿದೆ ಎಂದು ನೋಡಿ ನಾನೇ ಬರೆದು ಅಂಟಿಸಲು ಎಂಟು ದಿನ ಹಿಡಿಯಿತು. ಆಜಿಯ ವಾಡೆಗೆ ಮಾತ್ರ ಹೋಗಲಿಲ್ಲ. ದರ್ಜಿ ಅಲ್ಲಿದ್ದ.

ದರ್ಜಿ ನನ್ನ ಪುಟದಲ್ಲಿ ಒಂದು ಸ್ಟಾರ್ ಹಾಕಿದ. ಸುಟ್ಟ ಮೋಟರಿನ ಫೋಟೋ ಸಮೇತ. ‘ಈ ಹುಡುಗನನ್ನು ಹಳೇ ಮನೆಗೆ ಕರೆಯಬೇಡಿ.’ ನನ್ನ ಪುಟಕ್ಕೆ ಬಂದ ಮೊದಲ ನಿಜವಾದ ಬರಹ ಅದು. ಅಂಗಡಿಯವನೂ ಓದಿದ. ಮರುದಿನ ಕಟ್ಟೆಯ ಮೇಲೆ ನನ್ನ ಸರದಿ ಬಂದಾಗ, "ನೀನು ಕೂತಿರು," ಎಂದು ಹಿಂದಿನವನನ್ನು ಎಬ್ಬಿಸಿದ. ಪೇಠೆ ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ಪೇಠೆ ನನ್ನನ್ನು ಬಿಡುವ ಹಾಗೆ ಕಂಡಿತು.

ಕಾಕಾನ ಖೋಲಿಗೆ ಹೋದೆ. "ದರ್ಜಿ ನಿಮ್ಮ ಮಾತು ಕೇಳ್ತಾನ. ಅದನ್ನ ತಗಸ್ರಿ," ಎಂದೆ.

"ತಗಸಿದ್ರ ನಿನ್ನ ಪುಟದಾಗ ಏನ್ ಉಳೀತದ? ಬಿರ್ಯಾನಿ?"

ಓದಿದ್ದರು. ನನ್ನ ಪುಟವನ್ನು ಅವರು ಪೂರ್ತಿ ಓದಿದ್ದರು.

"ತಗಸಬ್ಯಾಡ. ಜವಾಬು ಬರಿ," ಎಂದು ನನ್ನ ಫೋನನ್ನು ನನ್ನ ತುಟಿಗೇ ಹಿಡಿದರು. ನಾನು ಹೇಳಿದೆ: ‘ವಾಯರಿಂಗ್ ಬಹಳ ಹಳೆಯದಾಗಿತ್ತು, ಅದಕ್ಕೆ ಹೀಗಾಯಿತು.’ ಅವರು ಒರೆಸಿ ಹಾಕಿದರು. "ಹಳೇದಿತ್ತು ಅಂತನ ನಿನ್ನ ಕರದಿದ್ರಲ್ಲೋ."

ಎರಡನೇ ಸಲ ಹೇಳಿದೆ: ‘ತಪ್ಪು ನನ್ನದು. ಮೇಲಿನವರಿಗೆ ಹೇಳದೆ ನ್ಯೂಟ್ರಲ್ ಕತ್ತರಿಸಿದೆ. ಮಶೀನಿನ ಮೋಟರನ್ನು ನಾನೇ ಮತ್ತೆ ಸುತ್ತಿಕೊಡುತ್ತೇನೆ.’

ಕಾಕಾ ಓದಿದರು. ಬಡೇಸೋಪು ಅಗಿಯುತ್ತ ನನ್ನನ್ನು ನೋಡಿದರು.

"ಇನ್ನೇನರ ಅದ ಏನು, ಬರಿಯೂದು?"

"ಇಲ್ಲ ರೀ."

"ಆತು ಹಂಗಾರ. ಕಳಸು."

ನನಗೆ ಮೋಟರ್ ಸುತ್ತಲು ಬರುತ್ತಿರಲಿಲ್ಲ. ಎರಡು ದಿನ ಅವರೇ ಪಕ್ಕಕ್ಕೆ ಕೂತು ಸುತ್ತಿಸಿದರು. ತಾಮ್ರದ ಎಳೆ ಅವರ ಬೆರಳುಗಳ ನಡುವೆ ನೂಲಿನಂತೆ ಓಡುತ್ತಿತ್ತು. ಅದನ್ನು ನೋಡುವಾಗಲೂ ಹೊಟ್ಟೆಕಿಚ್ಚಾಯಿತು. ಕಲಿಯುತ್ತಲೇ ಹೊಟ್ಟೆಕಿಚ್ಚು ಪಡಬಹುದು, ನನಗೆ ಗೊತ್ತಿದೆ. ದರ್ಜಿ ಆ ಒಂದು ಸ್ಟಾರ್ ತೆಗೆಯಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ: ‘ಮೋಟರ್ ಸರಿ ಮಾಡಿಕೊಟ್ಟ.’ ಆಮೇಲೆ ಒಂದು ಫೋನ್ ಬಂತು. ಇನ್ನೊಂದು ಬಂತು. "ತಪ್ಪು ಒಪ್ಪಿಕೊಂಡ ಹುಡುಗ ನೀನೇನಾ?" ಎಂದು ಕೇಳಿಯೇ ಕರೆಯುತ್ತಿದ್ದರು. ಕರಿ ಕನ್ನಡಕದ ಫೋಟೋ ತೆಗೆದುಹಾಕಿದೆ.

ಕಾಕಾ ಕೆಲಸ ಬಿಟ್ಟದ್ದು ಒಂದೇ ಗಳಿಗೆಯಲ್ಲಿ. ಒಂದು ಮನೆಯಲ್ಲಿ ಟೆಸ್ಟರ್ ಹಚ್ಚಿ, "ಹತ್ತೇದೇನೋ?" ಎಂದು ನನ್ನನ್ನು ಕೇಳಿದರು. ಹತ್ತಿತ್ತು. ಹಾಡಹಗಲಲ್ಲಿ ಚೆನ್ನಾಗಿ ಹತ್ತಿತ್ತು. ಅವರಿಗೆ ಕಾಣಲಿಲ್ಲ. ಟೆಸ್ಟರನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದರು. ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮತ್ತೆ ಬರಬಹುದಲ್ಲ ಎಂದೆ. "ಒಂದ್ಸಲ ಕಾಣಲಿಲ್ಲಂದ್ರ, ಆಮ್ಯಾಲ ಕಂಡ್ರೂ ನಂಬಿಗಿ ಬರಂಗಿಲ್ಲ ತಮ್ಮಾ," ಎಂದರು.

ಸಾಸವಡಕ್ಕೆ ಹೋಗುವ ಮುಂಚೆ ತಮ್ಮ ಪುಟದಲ್ಲಿ ಕೊನೆಯದಾಗಿ ಬರೆದರು. ಎಲ್ಲರಿಗೂ ನಮಸ್ಕಾರ ಹೇಳಿ, ಕೆಳಗೆ ನನ್ನ ನಂಬರ್ ಕೊಟ್ಟಿದ್ದರು. ‘ಹಳೇ ಮನೆಗೆ ಈ ಹುಡುಗನನ್ನು ಕರೆಯಿರಿ. ಮರದ ಪಟ್ಟಿ ಬಿಚ್ಚುವುದನ್ನು ನನಗೆ ಕಲಿಸಿದವನು ಇವನೇ. ತಪ್ಪು ಮಾಡಿದರೆ ಬರೆದು ಹೇಳುತ್ತಾನೆ.’

ಓದಿ ನಾನು ಖುಷಿಪಡಬೇಕಿತ್ತು. ಸಿಟ್ಟು ಬಂತು. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿಕೊಳ್ಳಲಾಗದೆ ಕೂತ ಮಾತನ್ನು ಒಂದೇ ಸಾಲಿನಲ್ಲಿ ದಾನ ಮಾಡಿ ಹೋಗಿದ್ದರು. ಅವರ ಗಿರಾಕಿಗಳೆಲ್ಲ ನನಗೆ ಬಂದರು. ಬಾಗಿಲು ತೆರೆದವರ ಮೊದಲ ಮಾತು ಮಾತ್ರ ಒಂದೇ: "ಕಾಕಾ ಹೇಗಿದ್ದಾರೆ?"

ಹದಿನೈದು ದಿನದ ಹಿಂದೆ ಆ ಆಜಿ ತರಕಾರಿ ಗಾಡಿಯ ಹತ್ತಿರ ಸಿಕ್ಕರು. ನಾನು ತಪ್ಪಿಸಿಕೊಳ್ಳುವ ಮೊದಲೇ ನನ್ನ ಕೈ ಹಿಡಿದರು.

"ಮಗಾ, ಧೂಳು ಒರೆಸುವಾಗ ಆ ಚೀಟಿಯನ್ನು ನಾನೇ ಕಿತ್ತಿರಬೇಕು. ವಯಸ್ಸಾಯಿತು, ನೆನಪಿರುವುದಿಲ್ಲ. ನನ್ನಿಂದ ನಿನ್ನ ಹೆಸರು ಕೆಟ್ಟಿತು, ಪಾಪ ದರ್ಜಿಯ ಮಶೀನು ಸುಟ್ಟಿತು."

ಅವರ ಚೀಲವನ್ನು ವಾಡೆಯ ಬಾಗಿಲ ತನಕ ಹೊತ್ತುಕೊಟ್ಟು ಓಡಿ ಬಂದೆ. ಸಂಜೆ ದರ್ಜಿಗೆ ಬರೆದ ಆ ಹಳೆಯ ಜವಾಬು ತೆರೆದು ಒಂದು ಸಾಲು ಸೇರಿಸಿದೆ: ‘ಬೋರ್ಡಿನ ಮೇಲೆ ಎಚ್ಚರಿಕೆಯ ಚೀಟಿ ಇತ್ತು. ಬೇರೆಯವರ ಹೆಸರಿತ್ತೆಂದು ಹೊಟ್ಟೆಕಿಚ್ಚಿನಿಂದ ಅದನ್ನು ಕಿತ್ತವನು ನಾನೇ.’

ಮರುದಿನ ಬೆಳಿಗ್ಗೆ ಸಾಸವಡದಿಂದ ನನ್ನ ಪುಟಕ್ಕೆ ಸ್ಟಾರ್ ಬಂತು. ನಾಲ್ಕು.

ಫೋನ್ ಮಾಡಿದೆ. "ನಾಕ್ ಯಾಕ್ರಿ ಕಾಕಾ? ಎಲ್ಲಾ ಬರದೀನಲ್ಲ."

"ಬರದೀ. ಛಲೋ ಆತು. ಆದ್ರ ಆಜಿಗೆ ಫೋನ್ನ್ಯಾಗ ಓದಾಕ ಬರಂಗಿಲ್ಲ. ಎರಡ್ಸಲ ನನಗ ಫೋನ್ ಹಚ್ಚಿ, ನಾನ ಕಿತ್ತಿನೇನೋ ಅಂತ ಅತ್ತಾರ. ಹೋಗಿ ಬಾಯ್ಲೆ ಹೇಳು. ಐದನೇದು ಆಮ್ಯಾಲ."

"ನಿಮಗ ಅವತ್ತ ಗೊತ್ತಿತ್ತು. ನೀವ ಹೇಳಬಹುದಿತ್ತಲ್ರಿ ಆಜಿಗೆ?"

"ಹೇಳಬಹುದಿತ್ತು," ಎಂದರು. "ಹೇಳಿದ್ರ ನಿನ್ನ ಆ ಮನ್ಯಾಗ ಮತ್ತ ಕರೀತಿದ್ರೇನು?"

ಹನ್ನೆರಡು ದಿನ ಹೋಗಲಿಲ್ಲ. ಮೊನ್ನೆ ಹೋದೆ. ಹೊಸ್ತಿಲಲ್ಲೇ ನಿಂತು ಹೇಳಿದೆ. ಆಜಿ ಚಪಾತಿ ಲಟ್ಟಿಸುವುದನ್ನು ಬಿಟ್ಟು ಎದ್ದು ಬಂದರು. ಆಮೇಲೆ, "ಎಷ್ಟು ದಿನ ನಿದ್ದೆಗೆಟ್ಟೆ ಗೊತ್ತೇನೋ ಕತ್ತೆ," ಎಂದು ಕೈಯಲ್ಲಿದ್ದ ಲಟ್ಟಣಿಗೆಯಿಂದ ನನ್ನ ತೋಳಿಗೆ ಒಂದು ಕೊಟ್ಟರು. ಹಗುರಕ್ಕೆ ಅಲ್ಲ. ಹೊಡೆದು, ಒಳಗೆ ಬಾ ಎಂದರು.

ಹಳದಿ ಕಾಗದ ತೆಗೆದುಕೊಂಡು ಹೋಗಿದ್ದೆ. ನ್ಯೂಟ್ರಲ್ ವಿಷಯ ದಪ್ಪಕ್ಷರದಲ್ಲಿ ಮೇಲೆ ಬರೆದೆ, ನನ್ನ ನಂಬರ್ ಸಣ್ಣದಾಗಿ ಕೆಳಗೆ. ಅಂಟಿಸಿದೆ. ಫೋಟೋಗೆ ಬೆರಳು ಇಡಿ ಆಜಿ ಎಂದೆ. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ನನ್ನದು ಯಾಕೆ? ಕಿತ್ತ ಬೆರಳು ಇಡು."

ಇಟ್ಟೆ. ಅದೇ ಹೆಬ್ಬೆರಳು, ಕರಿ ಉಗುರು. ಫೋಟೋ ಸಾಸವಡಕ್ಕೆ ಕಳಿಸಿದೆ.

ಎರಡು ದಿನವಾಯಿತು. ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಫೋನ್ ತೆಗೆದು ನೋಡಿದೆನೋ. ಶನಿವಾರ ಪೇಠೆಯ ಹೆಂಗಸಿಗೆ ಕಾಕಾ ಆಗಲೇ ಜವಾಬು ಬರೆದಿದ್ದಾರೆ, ಉದ್ದಕ್ಕೆ, ಅವಳ ಮನೆಯ ಫ್ಯಾನಿನ ಕ್ಷೇಮವನ್ನೂ ಕೇಳಿ. ನನಗೆ ಇನ್ನೂ ನಾಲ್ಕೇ ಇದೆ.